ಡೆನ್ನೋ, ಲೇರೋ

ಪ್ರಾಣಿ ಸಮೀಕ್ಷೆಯ ಕೆಲಸದಲ್ಲಿ ನಗು ಬರುವುದೆಲ್ಲ ಮೊದಲು ಹೆದರಿಸಿಯೇ ಬರುತ್ತದೆ. ಮುಳಬಾಗಿಲು ಕಡೆಯ ಒಂದೇ ಗವಿಯ ಬಳಿ ನನಗೆ ಮೂರು ದಿನ ಹಾಗಾಯಿತು.

೧. ಎರಡು ಚೌಕ

ತಾಯಲೂರಿನ ಆಚೆ ಗುಡ್ಡದಲ್ಲಿ ಕರಡಿ ಸೇರಿಕೊಂಡ ಗವಿ. ಫಾರಂನಲ್ಲಿ ಎರಡು ಚೌಕ: ಡೆನ್, ಲೇರ್. ನಿಘಂಟು ಎರಡಕ್ಕೂ ‘ಗುಹೆ’ ಎಂದಿತು. ಸಾಹೇಬರಿಗೆ ಫೋನ್ ಮಾಡಿದೆ.

“ಒಂಟಿಯಾಗಿ ಮಲಗಿ ಎದ್ದು ಹೋಗೋ ಜಾಗ ಲೇರ್. ಮರಿ ಹಾಕಿದ್ರೆ ಡೆನ್. ನಮ್ಮ ಫಾರಂಗೆ ಅಷ್ಟೇ. ಡೆನ್ ಆದ್ರೆ ಪಕ್ಕದ ಕಾಲುದಾರಿ ಮೂರು ತಿಂಗಳು ಬಂದ್.”

“ಹೇಗೆ ಗೊತ್ತಾಗುತ್ತೆ ಸರ್?”

“ಒಳಗೆ ಹೋಗಿ ಕೇಳ್ಬೇಡ.”

೨. ಮರಳು

ಆ ದಾರಿಯಲ್ಲಿ ದಿನಾ ಓಡಾಡುವವರು ಒಬ್ಬ ಅಜ್ಜಿ. ಗುಡ್ಡದಾಚೆ ಅವರ ಹಿಪ್ಪುನೇರಳೆ ತೋಟ, ಈಚೆ ರೇಷ್ಮೆ ಹುಳು ಮನೆ. ಹುಳು ಪೊರೆ ಬಿಡುವ ನಾಲ್ಕನೇ ಜ್ವರ ಎದ್ದು ಬಿಡುವಿಲ್ಲದೆ ಸೊಪ್ಪು ತಿನ್ನುವ ವಾರ.

“ದಾರಿ ಮುಚ್ಚಿದ್ರೆ ಹುಳುಗೆ ನಿನ್ನ ಫಾರಂ ಹಾಕ್ಲಾ? ಅಲ್ಲಿ ಮರಿಗಿರಿ ಏನಿಲ್ಲ, ಬರ್ಕೋ.”

ನಾನು ನೋಡದೆ ಬರೆಯುವವನಲ್ಲ. ಹೆಜ್ಜೆ ಮೂಡಲಿ ಎಂದು ಗವಿಯ ಬಾಯಿಗೆ ಜರಡಿ ಹಿಡಿದ ಮರಳು ಹಾಸಿ ಬಂದೆ. ಬೆಳಗ್ಗೆ ಹೋದರೆ ಮರಳು ನುಣ್ಣಗಿತ್ತು. ಇರುವೆ ಹರಿದ ಗೆರೆಯೂ ಇಲ್ಲ. ಹಾಸುವಾಗ ಬಿದ್ದ ನನ್ನ ಬೂಟಿನ ಗುರುತೂ ಇಲ್ಲ. ಒಳಗೆ ಮಾತ್ರ ಯಾರೋ ಉಸಿರೆಳೆಯುವ ಸದ್ದು. ಎರಡನೇ ದಿನವೂ ಹಾಗೇ.

ಫಾರಂನಲ್ಲಿ ಬರೆದೆ: ‘ಪ್ರಾಣಿ ಇದೆ. ಕಾಲಿಲ್ಲ.’

೩. ಹೊಸಿಲು

ಮೂರನೇ ದಿನ ಒಂದು ಗಂಟೆ ಮೊದಲೇ ಹೋದೆ. ಮರಳಿನ ಮೇಲೆ ರಂಗೋಲಿ. ಅದನ್ನು ತುಳಿದು ಬರಿಗಾಲ ಹೆಜ್ಜೆಗಳು, ಮನುಷ್ಯರವೇ ಎನ್ನುವಂತೆ, ಒಳಕ್ಕೆ ಹೋಗಿದ್ದವು. ಹೊರಕ್ಕೆ ಒಂದೂ ಇಲ್ಲ.

ಕರಡಿಯ ಹಿಂಗಾಲು ಹಾಗಿರುತ್ತದೆ ಎಂದು ಓದಿದ್ದೆ. ಕರಡಿ ರಂಗೋಲಿ ಹಾಕುತ್ತದೆ ಎಂದು ಓದಿರಲಿಲ್ಲ.

ಬೆನ್ನ ಹಿಂದೆ ಪರಪರ ಸದ್ದು. ತಿರುಗಿದೆ. ಅಜ್ಜಿ, ಕೈಯಲ್ಲಿ ಪೊರಕೆ.

“ಹೆಜ್ಜೆ ಅಳಿಸ್ತಿದ್ದದ್ದು ನೀವಾ ಅಜ್ಜಿ?”

“ಮತ್ತಿನ್ಯಾರು? ದಾರಿ ಮುಚ್ತೀಯಲ್ಲ.”

“ಸರಿ, ರಂಗೋಲಿ ಯಾಕೆ?”

“ಗುಡಿಸಿ ಹೊಸಿಲು ಬೋಳು ಬಿಡೋಕಾಗುತ್ತಾ? ದಿನಾ ನೀನು ಬರೋ ಹೊತ್ತಿಗೆ ಅದನ್ನೂ ಅಳಿಸ್ತಿದ್ದೆ, ಇವತ್ತು ನೀನು ಬೇಗ ಬಂದ್ಬಿಟ್ಟೆ. ಅದೂ ಬಾಣಂತಿ ಮನೆ ಕಣಪ್ಪಾ, ಎರಡು ಕೂಸು. ಮೆಲ್ಲಗೆ ಮಾತಾಡು, ಈಗಷ್ಟೇ ಒಳಗೆ ಹೋಗಿದಾಳೆ.”

ಹೇಳಿ ನಾಲಿಗೆ ಕಚ್ಚಿಕೊಂಡರು. ಇಬ್ಬರೂ ಸದ್ದಿಲ್ಲದೆ ಹಿಂದಕ್ಕೆ ಹೆಜ್ಜೆ ಹಾಕಿದೆವು. ನಿಘಂಟು ಹೇಳದ ವ್ಯತ್ಯಾಸ ಸಿಕ್ಕಿತ್ತು. ಡೆನ್ ಚೌಕಕ್ಕೆ ಗುರುತು ಹಾಕಿದೆ.

ದಾರಿ ಬಂದ್ ಆಯಿತು. ಹುಳು ಗೂಡು ಕಟ್ಟುವವರೆಗೆ ಗುಡ್ಡ ಸುತ್ತಿ ಸೊಪ್ಪಿನ ಹೊರೆ ಹೊತ್ತವನು ನಾನೇ. ಮೊದಲ ಹೊರೆ ಇಳಿಸಿದಾಗ ಅಜ್ಜಿ ಸೊಪ್ಪು ನೋಡಲಿಲ್ಲ, ಪೊರಕೆ ನನ್ನ ಕೈಗಿತ್ತರು.

“ದಾರಿ ಬಂದ್ ನನಗೆ. ನೀನು ಹೋಗ್ಬಹುದಲ್ಲ? ಅವಳ ಬಾಗಿಲು ಗುಡಿಸಿ ಬಾ.”