ಸುರಗಿ ಪದಕ್ಕೊಂದು ಸಾಫ್ಟ್‌ವೇರ್

ಆರಿಸುವ ಕೆಲಸ ನನ್ನಿಂದ ಆಗುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೀರೆ ಅಂಗಡಿಯಲ್ಲಿ ನಾನು ಕೂತರೆ ಅಂಗಡಿಯವನು ಗಂಟು ಬಿಚ್ಚಿ ಬಿಚ್ಚಿ ಸೋತು ಚಹಾ ತರಿಸುತ್ತಾನೆ. ಆ ಚಹಾ ನನಗಲ್ಲ, ಅವನಿಗೆ. ಕೊನೆಗೆ ಅವನು ಮೊದಲು ತೋರಿಸಿದ ಸೀರೆಯನ್ನೇ ತೆಗೆದುಕೊಂಡು ಬಂದು, ಎರಡನೆಯದು ಚಲೋ ಇತ್ತೇನೋ ಎಂದು ಅದು ಹರಿಯುವವರೆಗೂ ಕೊರಗುತ್ತೇನೆ. ಗೋವಾದ ಮಡ್ಕಯಿಯ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕಡೆಯ ಮಂದಿಗೆ ಊಟದ ಡಬ್ಬಿ ಕಟ್ಟಿಕೊಡುವುದು ನನ್ನ ಉದ್ಯೋಗ. ಅದರಲ್ಲಿ ಆರಿಸುವುದೇನೂ ಇಲ್ಲ. ರೊಟ್ಟಿ, ಪಲ್ಯ, ಅನ್ನ, ಸಾರು. ಬದನೆಕಾಯಿ ಸಿಕ್ಕ ದಿನ ಬದನೆಕಾಯಿ, ಸಿಗದ ದಿನ ಬೇಳೆ. ಹೀಗೆ ನೆಮ್ಮದಿಯಿಂದ ಇದ್ದವಳ ಕೊರಳಿಗೆ, ಹಾಡು ಮುದ್ರಿಸುವ ಸಾಫ್ಟ್‌ವೇರ್ ಆರಿಸುವ ಕೆಲಸ ಬಂದು ಬಿತ್ತು.

ಬಂದದ್ದು ನಮ್ಮ ಅತ್ತೆಯ ಸೊಂಟದ ಮೂಲಕ. ಬಚ್ಚಲಲ್ಲಿ ಜಾರಿ ಬಿದ್ದು ಅವರ ಸೊಂಟದ ಎಲುಬು ಮುರಿಯಿತು. ಡಾಕ್ಟರು ಮಂಚ ಬಿಟ್ಟು ಇಳಿಯಬಾರದು ಎಂದರು. ಅತ್ತೆ ಬಿದ್ದ ನೋವಿಗೆ ಅಳಲಿಲ್ಲ, ಈ ಮಾತಿಗೆ ಅತ್ತರು. ಏಕೆಂದರೆ ಇಂಡಿ ಕಡೆಯ ಹಳ್ಳಿಯಲ್ಲಿ ಅವರ ಮೊಮ್ಮಗಳ, ಅಂದರೆ ನನ್ನ ನಾದಿನಿ ಸಾವಿತ್ರಿಯ ಮಗಳ ಮದುವೆ ನಿಶ್ಚಯವಾಗಿತ್ತು. ನಮ್ಮ ಮನೆತನದ ಯಾವ ಹುಡುಗಿಯ ಮದುವೆಯಾದರೂ ಸುರಗಿಯ ಹೊತ್ತಿಗೆ ಅತ್ತೆಯ ಪದ ಬೇಕು. ನಾಲ್ಕು ಮೂಲೆಗೆ ನಾಲ್ಕು ನೀರಿನ ಚರಗಿ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂಡಿಸಿ ಎಣ್ಣೆ ಅರಿಸಿನ ಹಚ್ಚಿ ನೀರು ಹಾಕುವಾಗ ಹಾಡುವ ಪದ ಅದು. ಹುಡುಗಿಯ ಹೆಸರು, ಅವಳ ತಾಯಿಯ ಹೆಸರು, ಅವಳ ಅಜ್ಜಿಯ ಹೆಸರು ಎಲ್ಲವನ್ನೂ ಪೋಣಿಸಿ ಹಾಡುತ್ತಾರೆ. ಅದು ಪೂರ್ತಿ ಬರುವುದು ಈಗ ಅತ್ತೆಯೊಬ್ಬರಿಗೇ. "ನನ್ನ ಪದಾ ಇಲ್ಲದ ಮೊಮ್ಮಗಳು ನೀರು ಹಾಕ್ಕೊಂಡ್ಲು ಅಂದ್ರ ನಾ ಬದುಕಿ ಏನು ಉಪಯೋಗ, ಕಸ್ತೂರಿ?" ಎಂದರು.

ಫೋನಿನಲ್ಲಿ ಮುದ್ರಿಸಿ ಕಳಿಸೋಣ ಎಂದು ಬುದ್ಧಿವಂತಿಕೆ ಮಾಡಿದವಳು ನಾನೇ. ಹಾಗೇ ಮಾಡಿಯೂ ಮಾಡಿದೆ. ಅತ್ತೆ ಪದ ಎತ್ತಿದ ಕೂಡಲೇ ಓಣಿಯಲ್ಲಿ ಪಾವು ಬ್ರೆಡ್ಡು ಮಾರುವ ಪೊದೇರ ಸೈಕಲ್ಲಿನ ಹಾರ್ನು ಒತ್ತಿದ. ಅವನ ಹಿಂದೆ ಮೀನಿನವಳು. ಅವಳ ಹಿಂದೆ, ಅವಳ ಬುಟ್ಟಿಯನ್ನು ನಂಬಿದ ಬೆಕ್ಕುಗಳು. ಅದನ್ನು ಕೇಳಿ ಹಳ್ಳಿಯ ಸೌಂಡ್ ಸರ್ವಿಸಿನವನು, ಇದನ್ನು ದೊಡ್ಡ ಸ್ಪೀಕರಿಗೆ ಹಾಕಿದರೆ ಮದುವೆಗೆ ಬಂದವರೆಲ್ಲ ಪಾವು ಕೊಳ್ಳಲು ಏಳುತ್ತಾರೆ, ಸ್ವಚ್ಛ ಫೈಲ್ ಕೊಡಿ ಎಂದನಂತೆ. ಫೋನು ಹಚ್ಚಿ ನೇರವಾಗಿ ಹಾಡಿಸೋಣವೆಂದರೆ ಆ ಊರಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಗ ನಮ್ಮವರು ತಮ್ಮ ಕಾರ್ಖಾನೆಯ ಆಫೀಸಿನವರು ಹಳೆಯದೆಂದು ತೆಗೆದುಹಾಕಿದ್ದ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟು, ಇದರಲ್ಲಿ ಒಂದು ಚಲೋ ಸಾಫ್ಟ್‌ವೇರ್ ಹಾಕಿಕೊಂಡರೆ ಎಲ್ಲ ಸಪ್ಪಳ ತೆಗೆಯಬಹುದಂತೆ ಎಂದು ಹೇಳಿ ಡ್ಯೂಟಿಗೆ ಹೋದರು. ಗಂಡಸರು ಸಲಹೆ ಕೊಡುವುದು ಯಾವಾಗಲೂ ಡ್ಯೂಟಿಗೆ ಹೊರಡುವ ಹೊತ್ತಿಗೇ.

ಒಂದು ಎಂದರಲ್ಲ, ಅದೇ ತಪ್ಪಾಯಿತು. ಹುಡುಕಿದರೆ ರಾಶಿ ರಾಶಿ ಇವೆ. ಪ್ರತಿಯೊಂದರ ಬಗ್ಗೆಯೂ ಇದರಷ್ಟು ಒಳ್ಳೆಯದಿಲ್ಲ ಎನ್ನುವ ವಿಡಿಯೋ ಒಂದು, ಇದರಷ್ಟು ಕೆಟ್ಟದ್ದಿಲ್ಲ ಎನ್ನುವ ವಿಡಿಯೋ ಒಂದು. ಎರಡನ್ನೂ ನೋಡುತ್ತ ಕೂತರೆ ಒಲೆಯ ಮೇಲಿನ ಬೇಳೆ ತಳ ಹಿಡಿಯುತ್ತದೆ. ನಮ್ಮವರ ಜೊತೆ ಕೆಲಸ ಮಾಡುವ ಆಂತೋನ ಮಡಗಾಂವದವನು, ಮದುವೆಗಳಲ್ಲಿ ಕೀಬೋರ್ಡ್ ಬಾರಿಸುತ್ತಾನೆ. ಅವನನ್ನು ಫೋನಿನಲ್ಲಿ ಕೇಳಿದೆ. ಭಾಭಿ, ಸಾಫ್ಟ್‌ವೇರ್ ಎಂದರೆ ಮೀನಿನ ಸಾರು ಇದ್ದಂತೆ, ಅವರವರ ಮನೆಯದು ಅವರವರಿಗೆ ರುಚಿ ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಮೀನು ತಿನ್ನದ ನಾನು ಅದರಿಂದ ಏನು ತಿಳಿದುಕೊಳ್ಳಬೇಕೋ ತಿಳಿಯಲಿಲ್ಲ.

ಮೊದಲು ಹಾಕಿಕೊಂಡದ್ದು ತೆರೆದರೆ ವಿಮಾನ ಓಡಿಸುವವನ ಮುಂದೆ ಇರುತ್ತದಲ್ಲ, ಅಂಥ ಗುಂಡಿಗಳ ಗೋಡೆ. ಒಂದನ್ನು ಒತ್ತಿದೆ, ಟಿಕ್ ಟಿಕ್ ಎಂದು ತಾಳ ಹಾಕತೊಡಗಿತು. ನಿಲ್ಲಿಸುವುದು ಹೇಗೆಂದು ತಿಳಿಯದೆ ಲ್ಯಾಪ್‌ಟಾಪನ್ನೇ ಮುಚ್ಚಿದೆ. ಒಳಗಿನಿಂದಲೂ ಟಿಕ್ ಟಿಕ್. "ಗಡಿಯಾರಕ್ಕ ಪದಾ ಹಾಡೂದು ಯಾರು ಹೇಳಿಕೊಟ್ರು ನಿನಗ?" ಎಂದು ಅತ್ತೆ ಮಂಚದಿಂದಲೇ ಕೇಳಿದರು. ಎರಡನೆಯದು ನೋಡಲು ಚಂದವಿತ್ತು, ಕೆಲಸವನ್ನೂ ಮಾಡಿತು. ಆದರೆ ಪುಕ್ಕಟೆಯಾಗಿ ಬಂದದ್ದರಿಂದ ಹಾಡಿನ ನಡುನಡುವೆ ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ತನ್ನ ಕಂಪನಿಯ ಹೆಸರು ಹೇಳುತ್ತಿತ್ತು. ಸುರಗಿಯಲ್ಲಿ ಕೂತ ಹುಡುಗಿಯ ವಂಶಾವಳಿಯಲ್ಲಿ ಆ ಕಂಪನಿಯೂ ಸೇರಿಬಿಟ್ಟಿತು. ಮೂರನೆಯದು ಹಳೆಯ ಲ್ಯಾಪ್‌ಟಾಪಿಗೆ ಭಾರವಾಗಿ, ಪದ ಮುಗಿಯುವ ಮುನ್ನವೇ ಪರದೆ ಕಪ್ಪಾಯಿತು.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಸುರಗಿ ಪದವನ್ನು ಎತ್ತಿದ ಮೇಲೆ ನಡುವೆ ಬಿಡಬಾರದು. ಬಿಟ್ಟರೆ ಸಂಸಾರ ನಡುವೆ ನಿಲ್ಲುತ್ತದೆ ಎಂದು ನಂಬಿಕೆ. ಪರದೆ ಕಪ್ಪಾದರೂ, ಪೊದೇರ ಬಂದರೂ, ಅತ್ತೆ ಕೊನೆಯವರೆಗೆ ಹಾಡಿಯೇ ಹಾಡುತ್ತಿದ್ದರು. ಮತ್ತೆ ಮುದ್ರಿಸಬೇಕೆಂದರೆ ಮತ್ತೆ ಮೊದಲಿನಿಂದ. ಪ್ರತಿ ಸಲವೂ ತಲೆಯ ಮೇಲೆ ಸೆರಗು, ಲ್ಯಾಪ್‌ಟಾಪಿಗೆ ಅರಿಸಿನ ಕುಂಕುಮ, ಪಕ್ಕದಲ್ಲಿ ನೀರು ತುಂಬಿದ ಚರಗಿ. ಚರಗಿ ಇಲ್ಲದೆ ಮದುವೆ ಪದ ಹೇಗೆ ಹಾಡುವುದು ಎಂದು ಅವರ ವಾದ. ವಿದ್ಯುತ್ತಿನ ವಸ್ತುವಿನ ಪಕ್ಕ ನೀರು ಇಡುತ್ತಾರೆಯೇ ಎಂದು ನಮ್ಮವರ ವಾದ. ನಾನು ಎರಡರ ನಡುವೆ ಒಂದು ಟವಲ್ ಹಾಸಿದೆ. ದಿನ ದಿನಕ್ಕೆ ಅತ್ತೆಯ ದನಿ ತೆಳ್ಳಗಾಗುತ್ತಿತ್ತು. ಒಂದು ಮಧ್ಯಾಹ್ನ ಡಬ್ಬಿಗಳನ್ನು ತೊಳೆಯುತ್ತ, ಸಾಫ್ಟ್‌ವೇರ್ ಆರಿಸುತ್ತ ಆರಿಸುತ್ತ ಈ ಮುದುಕಿಯ ದನಿಯನ್ನೇ ಖರ್ಚು ಮಾಡಿಬಿಡುತ್ತೇನೆ ಎನ್ನಿಸಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ.

ನಾಲ್ಕನೆಯದನ್ನು ನಾನು ಆರಿಸಲಿಲ್ಲ, ಅದು ಮುಚ್ಚಿಹೋಗದೆ ಉಳಿಯಿತು, ಅಷ್ಟೆ. ಕಿಟಕಿಗೆ ಚಾದರ, ಬಾಗಿಲಿಗೆ ಹಾಸಿಗೆ ಒತ್ತಿಟ್ಟೆ. ಅತ್ತೆ ಹಾಡಿದರು. ಎಂದಿನಂತೆ ಪ್ರತಿ ಸಾಲು ಮುಗಿದ ಮೇಲೆ ನಿಂತು ನನ್ನ ಮುಖ ನೋಡುತ್ತಿದ್ದರು. ಪಾಪ, ದಮ್ಮು ಹತ್ತುತ್ತಿದೆ ಎಂದುಕೊಂಡು ನಾನು ತುಟಿಯ ಮೇಲೆ ಬೆರಳಿಟ್ಟು, ನಿಧಾನ ಎಂದು ಕೈಯಲ್ಲೇ ಹೇಳುತ್ತಿದ್ದೆ. ನಡುವೆ ಮಾತಾಡಬಾರದ ಪದವಾದ್ದರಿಂದ ಅವರೂ ಏನೂ ಹೇಳಲಿಲ್ಲ. ಮುಗಿಸಿದವರೇ ದಣಿದು ನಿದ್ದೆ ಹೋದರು. ಆಮೇಲೆ ಪರದೆಯಲ್ಲಿ ನೋಡಿದರೆ ಸಾಲು ಮುಗಿದಲ್ಲೆಲ್ಲ ದನಿಯಿಲ್ಲದ ಖಾಲಿ ಗೆರೆ. ಮದುವೆಗೆ ಬಂದ ಬೀಗರ ಮುಂದೆ ಅತ್ತೆಯ ದಮ್ಮು ಕಾಣಬಾರದು ಎನ್ನಿಸಿತು. ಖಾಲಿ ಜಾಗವನ್ನೆಲ್ಲ ಒಮ್ಮೆಲೇ ತೆಗೆಯುವ ಗುಂಡಿಯೊಂದು ಆ ಸಾಫ್ಟ್‌ವೇರಿನಲ್ಲಿತ್ತು. ಒತ್ತಿದೆ. ಅಕ್ಕಿಯೊಳಗಿನ ಕಲ್ಲು ಆರಿಸಿದಂತೆ ಹಾಡು ಸ್ವಚ್ಛವಾಯಿತು. ನನ್ನ ಜನ್ಮದಲ್ಲಿ ಒಂದು ಆಯ್ಕೆ ಸರಿಯಾಯಿತಲ್ಲ ಎಂದು ಹಿಗ್ಗಿ, ಪೆನ್ ಡ್ರೈವಿಗೆ ಹಾಕಿ, ಸೋದರಮಾವನಾಗಿ ಹೋಗಲೇಬೇಕಾಗಿದ್ದ ನಮ್ಮವರ ಕೈಗೆ ಕೊಟ್ಟು ಕಳಿಸಿದೆ. ಅತ್ತೆಯನ್ನು ನೋಡಿಕೊಳ್ಳಲು ನಾನು ಉಳಿದೆ.

ಸುರಗಿಯ ಬೆಳಿಗ್ಗೆ ಸಾವಿತ್ರಿಯ ಫೋನು ಬಂತು. "ವೈನಿ, ಅವ್ವ ಯಾಕ ಹಿಂಗ ಓಡಾಕತ್ತಾಳ? ನಮಗ ತಿರುಗಿ ಹಾಡಾಕ ಬಾಯಿ ತಗಿಯಾಕ ಬಿಡವಲ್ಲಳು. ಹೆಂಗಸ್ರೆಲ್ಲಾ ಸುಮ್ನ ಕುಂತಾರ. ಹುಡುಗಿ ಎಣ್ಣಿ ಹಚ್ಚಿಕೊಂಡು ಅಳಾಕತ್ತಾಳ."

ಆಗ ತಿಳಿಯಿತು. ಆ ಪದವನ್ನು ಒಬ್ಬರು ಹೇಳುವುದು, ಉಳಿದವರು ಅದೇ ಸಾಲನ್ನು ತಿರುಗಿ ಹಾಡುವುದು. ನಾನು ಕಿತ್ತು ಹಾಕಿದ್ದು ದಮ್ಮಲ್ಲ, ಕೂತ ಹೆಂಗಸರೆಲ್ಲರ ಪಾಲು. ಇಷ್ಟು ವರ್ಷ ಸೊಸೆಯಾಗಿದ್ದೂ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಪ್ರತಿ ಸುರಗಿಯ ಹೊತ್ತಿಗೂ ನಾನು ಹಿತ್ತಲಲ್ಲಿ ಹೋಳಿಗೆ ಬೇಯಿಸುತ್ತಿರುತ್ತೇನೆ. ನನ್ನದೇ ಸುರಗಿಯಲ್ಲಿ ಕಣ್ಣಿಗೆ ಎಣ್ಣೆ ಇಳಿದು ಬೇರೆ ಯಾವುದರ ಮೇಲೂ ಗ್ಯಾನವಿರಲಿಲ್ಲ.

ಅತ್ತೆ ಎಲ್ಲ ಕೇಳಿಸಿಕೊಂಡರು. ಬಯ್ಯಲಿಲ್ಲ. "ಫೋನ್ ಇಲ್ಲಿ ತಾ," ಎಂದರು. ಸೆರಗು ಹೊದ್ದು ಪದ ಎತ್ತಿದರು. ಮೊದಲ ಸಾಲು ಮುಗಿಸಿ ನಿಂತರು. ಆ ಕಡೆಯಿಂದ ಏನೂ ಬರಲಿಲ್ಲ. ನೆಟ್‌ವರ್ಕ್ ನಮ್ಮ ದನಿಯನ್ನು ಅಲ್ಲಿಗೆ ಒಯ್ಯುತ್ತಿದೆಯೋ ಇಲ್ಲವೋ, ಅವರದನ್ನು ಮಾತ್ರ ಇಲ್ಲಿಗೆ ತರಲಿಲ್ಲ. ಮುದ್ರಿಸುವಾಗ ಜಾಗ ಬಿಟ್ಟರೆ ಸಾಕಿತ್ತು; ನಿಜವಾದ ಸುರಗಿಯಲ್ಲಿ ತಿರುಗಿ ಹಾಡುವವರಿಲ್ಲದೆ ಮುಂದಿನ ಸಾಲು ಎತ್ತುವಂತಿಲ್ಲ, ಎತ್ತಿದ ಪದ ಬಿಡುವಂತಿಲ್ಲ. ಅತ್ತೆ ನನ್ನ ಮುಖ ನೋಡಿದರು. ಕಣ್ಣಲ್ಲಿ ನೀರಿತ್ತು. ಎಂದೂ ಹಾಡದ ನಾನು, ಕೈಯಲ್ಲಿ ಹಿಟ್ಟು ಮೆತ್ತಿಕೊಂಡವಳು, ಬಾಯಿ ತೆರೆದೆ. ಬಂದದ್ದನ್ನು ದನಿ ಎನ್ನಲಾಗದು. ಆದರೂ ಸಾಲಿಗೆ ಸಾಲು ತಿರುಗಿ ಹಾಡುತ್ತ ಹೋದೆ. ಕೊನೆಯ ಸಾಲು ಮುಗಿಸಿ ಅತ್ತೆ ಕಣ್ಣೊರೆಸಿಕೊಂಡು ದಿಂಬಿಗೆ ಒರಗಿದರು. ನಮ್ಮದೆಲ್ಲ ಅಲ್ಲಿ ಕೇಳಿಸಿತ್ತಂತೆ. ಅಲ್ಲಿನ ಹೆಂಗಸರೂ ತಿರುಗಿ ಹಾಡಿ, ಹುಡುಗಿಗೆ ನೀರು ಹಾಕಿದರಂತೆ.

ಮದುವೆ ಮುಗಿದ ಮೇಲೆ ಸಾವಿತ್ರಿ ಫೋನು ಮಾಡಿದಳು. ಅಂದಿನ ಹಾಡನ್ನು ಯಾರೋ ಅಲ್ಲಿ ತಮ್ಮ ಫೋನಿನಲ್ಲಿ ಹಿಡಿದಿಟ್ಟಿದ್ದಾರಂತೆ, ಮನೆತನದವರೆಲ್ಲ ಕೇಳಿ ಕೇಳಿ ಅಳುತ್ತಿದ್ದಾರಂತೆ, ನನಗೂ ಕಳಿಸಿದ್ದಾಳಂತೆ.

"ಅವ್ವನ ದನಿ ಭಾಳ ಚಲೋ ಬಂದೈತ್ರಿ ವೈನಿ. ಆದ್ರ ನಿಮ್ಮ ಕಡಿಂದ ಹಿಂದೊಂದು ಏನೋ ಸಪ್ಪಳ ಬರ್ತೈತಿ. ನಿಮ್ಮಲ್ಲಿ ಸಾಫ್ಟ್‌ವೇರ್ ಐತೆಲ್ಲಾ, ಅದನ್ನಷ್ಟು ತಗದು ಕೊಡ್ರಲಾ."

ಎಂಥ ಸಪ್ಪಳ ಎಂದು ಕೇಳಿದೆ.

"ಯಾವಾಕೀನೋ ಬಾಯಿ ಬಡಕೊಂಡು ಅತ್ತಂಗ ಐತ್ರಿ."

"ನಮ್ಮ ಓಣ್ಯಾಗ ಅಂಥಾಕಿ ಒಬ್ಬಾಕಿ ಅದಾಳವ್ವಾ," ಎಂದೆ. "ಆಕೀನ್ನ ತಗಿಯೂ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ."