ಅಪ್ಪನ ಎಡೆಯ ಬೋಂಡ ಉರುಳಿಸಿದ ಕಾಗೆಯವರಿಗೆ

ನಟರಾಜು ಮನೆಯ ನೀರಿನ ಟ್ಯಾಂಕಿನ ಮೇಲೆ ಠಿಕಾಣಿ ಹೂಡಿರುವ ಘನತೆವೆತ್ತ ಶ್ರೀ ಕಾಗೆಯವರ ಸನ್ನಿಧಾನಕ್ಕೆ, ಗುಡೇಮಾರನಹಳ್ಳಿಯ ದೇವರಾಜು, ಕೈಗೆ ಕಲ್ಲೆತ್ತಿಕೊಳ್ಳುವ ಆಸೆಯನ್ನು ಅದುಮಿಟ್ಟು, ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಮೊನ್ನೆ ಹಿರಿಯರ ಹಬ್ಬದಂದು, ಕಳೆದ ವರ್ಷ ತೀರಿಕೊಂಡ ನಮ್ಮಪ್ಪ ಬೋರಲಿಂಗಯ್ಯನವರಿಗೆ ಮೊದಲ ಎಡೆ ಇಟ್ಟಿದ್ದೆವು. ತಾವು ಬಾಯಿಟ್ಟರೆ ಅಪ್ಪನೇ ಉಂಡಂತೆ, ಆಮೇಲೇ ನಮ್ಮ ಊಟ ಎಂಬುದು ತಮಗೆ ಗೊತ್ತಿಲ್ಲದ್ದೇನಲ್ಲ; ಗೊತ್ತಿರುವುದಕ್ಕೇ ಇಷ್ಟು ಜಂಬ. ಅಪ್ಪನಿಗೆ ಪ್ರಾಣವಾಗಿದ್ದ ಬೆಲ್ಲದ ಬೋಂಡವನ್ನು ನಮ್ಮವ್ವ ಸಿದ್ದಮ್ಮ, ಹಲ್ಲಿಲ್ಲದ ಬಾಯಿಗೆ ಸಲೀಸಾಗಲೆಂದು ಹಿಂದಿನಂತೆಯೇ ನೆಲ್ಲಿಕಾಯಿ ಗಾತ್ರಕ್ಕೆ ಬಿಟ್ಟು ಕರಿದಿದ್ದಳು.

ತಾವು ತಾರಸಿಗೆ ದಯಮಾಡಿಸಿ, ಎಲೆಯನ್ನೊಮ್ಮೆ ಪ್ರದಕ್ಷಿಣೆ ಹಾಕಿ, ಒಂದು ಬೋಂಡವನ್ನು ಕುಕ್ಕಿ ನೋಡಿ ಉರುಳಿಸಿ, ಪಕ್ಕದ ನಟರಾಜು ತನ್ನ ತಂದೆಯ ಎಡೆಗೆಂದು ಮಾಗಡಿಯ ಬೇಕರಿಯಿಂದ ತಂದಿದ್ದ, ಡೋನಟ್ಟಿನ ನಡುವಿನಿಂದ ಕೊರೆದು ತೆಗೆದು ಕರಿದು ಸಕ್ಕರೆಪುಡಿಯಲ್ಲಿ ಹೊರಳಿಸಿದ ಪುಟ್ಟ ಉಂಡೆಗಳನ್ನು ಗಬಗಬನೆ ಮುಕ್ಕಿದಿರಿ. ತಮ್ಮ ಅಭಿರುಚಿ ದೊಡ್ಡದು, ಒಪ್ಪಿದೆ. ಇತ್ತ ಅನ್ನ ಆರಿತು, ಮಕ್ಕಳು ಮುಖ ಊದಿಸಿದರು, ಅವ್ವ ಮೂಲೆ ಹಿಡಿದಳು. "ನನ್ ಮೇಲಿನ್ ಸಿಟ್ಟು ಇನ್ನೂ ಬುಟ್ಟಿಲ್ಲ ಕಣಪ್ಪ ನಿಮ್ಮಪ್ಪ" ಅಂದಳು. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಬೆಲ್ಲದ ಡಬ್ಬ ಬಚ್ಚಿಟ್ಟವಳು ಅವಳೇ. ಅದೇ ಕೋಪಕ್ಕೆ ಅಪ್ಪ ಕೊನೆಯ ದಿನಗಳಲ್ಲಿ ಅವಳೊಡನೆ ಮಾತು ಬಿಟ್ಟಿದ್ದರು.

ಆದಕಾರಣ ನಮ್ರ ಬಿನ್ನಹವೇನೆಂದರೆ, ಇನ್ನು ಮುಂದೆ ತಾವು ಎಡೆ ತಿರಸ್ಕರಿಸುವುದಾದರೆ ಕಾರಣವನ್ನು ಬರೆದು, ಕೊಕ್ಕಿನ ಗುರುತು ಒತ್ತಿ, ಪಂಚಾಯಿತಿ ಬೋರ್ಡಿಗೆ ಅಂಟಿಸಿ ಹಾರತಕ್ಕದ್ದು. ಈ ಸಲ ಕಾರಣವನ್ನು ನಾನೇ ಹುಡುಕಬೇಕಾಯಿತು. ಪದ್ಧತಿ ಹಾಳಾಗಲಿ ಎಂದು ಬಾಣಲೆ ಪಕ್ಕದ ಒಂದು ಬೋಂಡ ಬಾಯಿಗೆ ಹಾಕಿಕೊಂಡರೆ, ಬರೀ ಸಪ್ಪೆ! ಡಾಕ್ಟರು ಬೇಡ ಎಂದಿದ್ದರಲ್ಲ ಎಂದು ಅವ್ವ ಬೆಲ್ಲವನ್ನೇ ಹಾಕಿರಲಿಲ್ಲ. ಸತ್ತ ಗಂಡನಿಗೂ ಪಥ್ಯ ಮಾಡಿಸಿದ್ದಳು ಮಹಾತಾಯಿ.

ಮತ್ತೆ ಒಲೆ ಹೊತ್ತಿತು, ಬೆಲ್ಲ ಧಾರಾಳವಾಗಿ ಬಿತ್ತು. ತಾವು ಬಂದು ಬೋಂಡವನ್ನೆಲ್ಲ ಖಾಲಿ ಮಾಡುವಾಗ ಅವ್ವ ಬಾಗಿಲ ಮರೆಯಿಂದ ತಮಗೆ ಹೇಳಿದ್ದು ಕೇಳಿಸಿತೋ ಇಲ್ಲವೋ. "ತಿನ್ನಿ. ಇನ್ನ ಶುಗರ್ ಏರಿ ಏನಾಯ್ತದೆ" ಅಂದಳು. ನಾನು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಅದಕ್ಕೂ ತಾವೇ ಹೊಣೆ.

ಗತ್ಯಂತರವಿಲ್ಲದೆ ಇಂದಿಗೂ ತಮ್ಮ ವಿಶ್ವಾಸಿ,
ದೇವರಾಜು

ತಾ.ಕ.: ಎಲೆಯ ತುದಿಗೆ ಬಡಿಸಿದ್ದ ಹಾಗಲಕಾಯಿ ಪಲ್ಯವನ್ನು ತಾವು ಕಾಲಿನಿಂದ ಆಚೆ ತಳ್ಳಿದಿರಿ. ಅಪ್ಪನೂ ಹಾಗೇ ತಳ್ಳುತ್ತಿದ್ದರು. ಅವ್ವ ನೋಡಿಬಿಟ್ಟಿದ್ದಾಳೆ, ಮುಂದಿನ ವರ್ಷ ಪಲ್ಯ ಮುಗಿಸಿದ ಮೇಲೇ ಬೋಂಡ ಎಂದು ತಮಗೆ ತಿಳಿಸಲು ಹೇಳಿದ್ದಾಳೆ.