ಮನೆ ಅಳಿಯ ಡೇಟಾಬೇಸ್

ನಗುವಂಥ ಪ್ರಸಂಗಗಳು ನನ್ನ ಬಾಳಿನಲ್ಲಿ ಆಗುತ್ತಲೇ ಇರುತ್ತವೆ. ನಗುವ ಪಾಳಿ ಮಾತ್ರ ಯಾವಾಗಲೂ ಬೇರೆಯವರದು. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕ ಬಾಡಿಗೆ ಕೋಣೆ, ಅದರಲ್ಲೊಂದು ಹಳೆಯ ಲ್ಯಾಪ್‌ಟಾಪ್, ಮೂವತ್ತೆಂಟು ವಯಸ್ಸು, ಮದುವೆಯಿಲ್ಲ. ಊರಿನ ಅಂಗಡಿಗಳಿಗೆ ಜಾವಾದಲ್ಲಿ ಪ್ರೋಗ್ರಾಂ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತೇನೆ. ಈಗ ಹೇಳುವುದೆಲ್ಲ ಜೋರಾಪುರ ಪೇಟೆಯ ಒಂದು ವಧು-ವರ ಕೇಂದ್ರದಲ್ಲಿ ನಡೆದದ್ದು.

೧. ಒಳಗೇ ಇರುವವನು

ಕೇಂದ್ರ ನಡೆಸುವ ಅಕ್ಕನವರು ವಧು-ವರರ ವಿವರಗಳನ್ನೆಲ್ಲ ಉದ್ದನೆಯ ವಹಿಗಳಲ್ಲಿ ಬರೆದಿಟ್ಟಿದ್ದರು. ಅವನ್ನು ಕಂಪ್ಯೂಟರಿಗೆ ಹಾಕಲು ನನ್ನನ್ನು ಕರೆಸಿದರು.

"ಸೀಸನ್ ಸುರು ಆಗೂದ್ರಾಗ ಮುಗಿಸು ತಮ್ಮಾ. ತುಳಸಿ ಲಗ್ನ ಆದಮ್ಯಾಲ ಯಾವ ಕನ್ಯಾದ ಅಪ್ಪ ಮೊದಲ ಬರ್ತಾನ, ಅವಗ ನಿನ್ನ ಫೋಟೋನ ಮೊದಲ ತೋರಸ್ತೇನಿ" ಎಂದರು.

ಆಸೆ ಕೆಟ್ಟದ್ದು. ಒಪ್ಪಿಕೊಂಡೆ.

"ಇಷ್ಟ ಮಂದೀನ ಎಲ್ಲಿ ಇಡ್ತಿ? ಬ್ಯಾರೆ ಮಷೀನ ಬೇಕೇನು?" ಎಂದು ಕೇಳಿದರು.

"ಬ್ಯಾಡ್ರಿ ಅಕ್ಕಾರ. ಎಂಬೆಡೆಡ್ ಡೇಟಾಬೇಸ್ ಹಾಕ್ತೇನ್ರಿ. ತನಗಂತ ಬ್ಯಾರೆ ಮನಿ ಇಲ್ಲ, ಪ್ರೋಗ್ರಾಂ ಒಳಗ ಇರ್ತೈತಿ. ಮನಿ ಅಳಿಯ ಇದ್ದಂಗ ನೋಡ್ರಿ."

ಅಕ್ಕನವರ ಮುಖ ಬಾಡಿತು. ಒಳಕೋಣೆಯ ಕಡೆ ನೋಡಿದರು. ಅಲ್ಲಿ ಅವರ ಅಳಿಯ ಹಗಲು ಹನ್ನೆರಡಾದರೂ ಹೊದ್ದು ಮಲಗಿದ್ದ.

"ಬ್ಯಾರೆ ಯಾವುದರ ಇದ್ರ ನೋಡು ತಮ್ಮಾ. ಈ ಮನ್ಯಾಗ ಒಬ್ಬ ಸಾಕು."

೨. ಬಬಲೇಶ್ವರದ ಕಳ್ಳ

ಕೊನೆಗೆ ಅದನ್ನೇ ಹಾಕಿದೆ. ಈ ಡೇಟಾಬೇಸು ತನ್ನ ಫೈಲನ್ನು ಒಂದು ಸಲಕ್ಕೆ ಒಬ್ಬರಿಗೇ ಬಿಡುತ್ತದೆ. ಅಕ್ಕನವರಿಗೋ ತಾಳ್ಮೆ ಕಡಿಮೆ. ಒಂದು ಬೆಳಿಗ್ಗೆ ಪ್ರೋಗ್ರಾಂ ತೆರೆಯಲು ಒತ್ತಿದರು, ಅದು ಬರುವಷ್ಟರಲ್ಲಿ ಮತ್ತೊಮ್ಮೆ ಒತ್ತಿದರು. ಎರಡನೆಯದು ಮುಂದೆ ಬಂದು, ನಾನೇ ಬರೆದಿಟ್ಟ ಮಾತು ತೋರಿಸಿತು: "ಈ ಪಟ್ಟಿಯನ್ನು ಈಗಾಗಲೇ ತೆರೆಯಲಾಗಿದೆ."

ತೆರೆದವರು ಯಾರು? ಬಬಲೇಶ್ವರದಲ್ಲಿ ಇಂಥದೇ ಕೇಂದ್ರ ನಡೆಸುವ ಒಬ್ಬರ ಮೇಲೆ ಅವರಿಗೆ ಮೊದಲಿನಿಂದಲೂ ಸಂಶಯ. ನನಗೆ ಫೋನ್ ಮಾಡುವ ಬದಲು ಸೀದಾ ಬಬಲೇಶ್ವರದ ಬಸ್ಸು ಹತ್ತಿದರು.

ಮಧ್ಯಾಹ್ನ ನಾನು ಹೋದಾಗ ಅಳಿಯನಿಂದ ಸುದ್ದಿ ತಿಳಿಯಿತು. ನೋಡಿದರೆ ಮೊದಲು ತೆರೆದ ವಿಂಡೋ ಹಿಂದೆ ತೆಪ್ಪಗೆ ಕುಳಿತಿದೆ. ಕೂಡಲೇ ಫೋನ್ ಹಚ್ಚಿದೆ.

"ಅಕ್ಕಾರ, ಅವರದೇನೂ ತಪ್ಪಿಲ್ರಿ! ನೀವ ಎರಡ ಸಲ ಒತ್ತೀರಿ!"

"ಸುಮ್ನಿರೋ ತಮ್ಮಾ. ಅಂವ ಒಪ್ಪಕೊಂಡಾನ. ನನ್ನ ಮೂರ ಕನ್ಯಾದ ಫೋಟೋ ಅವನ ಕಪಾಟಿನ್ಯಾಗ ಸಿಕ್ಕಾವ."

೩. ಒಬ್ಬನೇ ವರ

ಎರಡು ಸಲ ಒತ್ತಿದರೂ ರಗಳೆಯಾಗದಂತೆ ತಿದ್ದಲು ಪ್ರೋಗ್ರಾಮನ್ನು ನನ್ನ ಕೋಣೆಗೆ ತಂದೆ. ಪರೀಕ್ಷೆ ಮಾಡುವಾಗ ಡೇಟಾಬೇಸನ್ನು ಫೈಲಿನಲ್ಲಿ ಇಡದೆ ಬರೀ ಮೆಮೊರಿಯಲ್ಲಿ ಇಡುವ ರೂಢಿ. ಮುಚ್ಚಿದೊಡನೆ ಎಲ್ಲ ಅಳಿಸಿಹೋಗುತ್ತದೆ. ಮತ್ತೆ ತೆರೆದರೆ ಪರೀಕ್ಷೆಗೆಂದು ಹಾಕಿದ ಒಂದೇ ಹೆಸರು ಬರುತ್ತದೆ. ಆ ಹೆಸರು ನನ್ನದು, ಫೋಟೋನೂ ನನ್ನದೇ. ಬೇರೆ ಯಾರ ಮದುವೆಯನ್ನು ಪರೀಕ್ಷೆಗೆ ಒಡ್ಡಲಿ?

ಮೆಮೊರಿ ಎಂದು ಬರೆದ ಆ ಒಂದು ಸಾಲನ್ನು ಮತ್ತೆ ಫೈಲಿಗೆ ಬದಲಿಸುವುದು ಮರೆತೆ. ಹಾಗೇ ಒಯ್ದು ಹಾಕಿಬಂದೆ.

ತುಳಸಿ ಲಗ್ನದ ಮರುದಿನ ಬೆಳಿಗ್ಗೆ ಅಕ್ಕನವರ ಫೋನು: "ತಮ್ಮಾ, ವರ ಎಲ್ಲಾ ಮಾಯ ಆಗ್ಯಾವ. ನೀ ಒಬ್ಬನ ಉಳದಿ."

ಓಡಿದೆ. ಟಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರು ಮಗಳ ಫೋಟೋ ಹಿಡಿದು ಪರದೆಯ ಮುಂದೆ ಕುಳಿತಿದ್ದರು. ಕೊಟ್ಟ ಮಾತಿನಂತೆ ಅಕ್ಕನವರು ನನ್ನ ಫೋಟೋವನ್ನೇ ಮೊದಲು ತೋರಿಸಿದ್ದರು. ಎರಡನೆಯದು ಇರಲಿಲ್ಲ.

ತಪ್ಪು ನನಗೆ ಕೂಡಲೇ ಹೊಳೆಯಿತು. ಹಳೆಯ ಫೈಲು ಸುರಕ್ಷಿತವಾಗಿಯೇ ಇತ್ತು, ಒಂದು ಸಾಲು ತಿದ್ದಿದರೆ ನೂರಾರು ವರರು ಎದ್ದು ಬರುತ್ತಿದ್ದರು. ಕೈ ಮಾತ್ರ ಏಳಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಇಡೀ ವಿಜಯಪುರಕ್ಕೆ ನಾನೊಬ್ಬನೇ ವರನಾಗಿದ್ದೆ. ಇನ್ನೊಂದು ಐದು ನಿಮಿಷ ಹೀಗೇ ಇರಲಿ ಎನಿಸಿತು.

ಹಿರಿಯರು ಕನ್ನಡಕ ಏರಿಸಿ ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು.

"ತಮ್ಮಾ, ಈ ಫೋಟೋ ನಿಂದ ಏನು?"

"ಹೌದ್ರಿ ಯಜಮಾನ್ರ."

"ಬ್ಯಾರೆ ಯಾರೂ ಇಲ್ಲಾ?"

"ಸದ್ಯಕ್ಕ ಇಲ್ರಿ."

ಅವರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಸ್ವಂತ ಮಾವನೇ ಇಟ್ಟಂತಿತ್ತು, ಕಣ್ಣು ತುಂಬಿ ಬಂತು. ಆಮೇಲೆ ಮಗಳ ಫೋಟೋವನ್ನು ಜೋಪಾನವಾಗಿ ಚೀಲದೊಳಗೆ ಇಟ್ಟುಕೊಂಡರು.

"ಸಾವಕಾಶ ರಿಪೇರಿ ಮಾಡು ತಮ್ಮಾ, ಗಡಿಬಿಡಿ ಇಲ್ಲ. ಪಟ್ಟಿನ್ಯಾಗ ಯಾರರ ಬಂದಮ್ಯಾಲ ನಾ ಬರ್ತೇನಿ."